ಅವಧಿ ಮೀರಿದ ಪ್ರಮಾಣಪತ್ರ ನಿಮ್ಮದು, ನೋಟಿಸು ಗಂಗಾಂಬಿಕಾಗೆ

ಖರೀದಿ ಕಚೇರಿಯ ತಂತ್ರಾಂಶ ವಿಭಾಗದ ಮುಖ್ಯಸ್ಥರೇ,

ಮಾನ್ಯರೇ ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ನಿಮ್ಮ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ಹೊತ್ತಿಗೆ ಸರಿಯಾಗಿ ನವೀಕರಿಸದೆ ಮಲಗಿದವರು ನೀವು. "ದಿನಾಂಕ ತಿರುಚಿ ವಂಚಿಸಿದ್ದಾರೆ" ಎಂಬ ನೋಟಿಸು ಬಂದದ್ದು ಮಾತ್ರ ಬನಹಟ್ಟಿಯ ನಮ್ಮ ನೇಕಾರರ ಸಂಘದ ಕಾರ್ಯದರ್ಶಿ ಗಂಗಾಂಬಿಕಾಗೆ. ಹದಿನೈದು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಆಕೆಯ ಡಿಜಿಟಲ್ ಸಹಿಯನ್ನು ಮೂರು ವರ್ಷ ಅಮಾನ್ಯ ಮಾಡುತ್ತೀರಂತೆ. ಸಹಿ ಇಲ್ಲದ ಕಾರ್ಯದರ್ಶಿಯನ್ನು ಯಾವ ಸಂಘ ಇಟ್ಟುಕೊಳ್ಳುತ್ತದೆ? ಹನ್ನೊಂದು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ದುಡಿದ ಹೆಣ್ಣುಮಗಳು. ಆಕೆಯ ಕೆಲಸವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ನಿಮಗೆ ನೆನಪಿರಲಿಕ್ಕಿಲ್ಲ, ದೊಡ್ಡವರು. ವಸತಿ ನಿಲಯಗಳಿಗೆ ಚಾದರ ನೇಯುವ ಕೆಲಸಕ್ಕೆ ಕಳೆದ ತಿಂಗಳು ಅರ್ಜಿ ಕರೆದಿರಿ. ಇಪ್ಪತ್ತನೇ ತಾರೀಖು ಬುಧವಾರ ಪ್ರಕಟಣೆ, ಇಪ್ಪತ್ತಾರು ಮಂಗಳವಾರ ಸಂಜೆ ಐದಕ್ಕೆ ಕೊನೆ. ಕಾಗದದಲ್ಲಿ ಕೊಡುವಂತಿಲ್ಲ, ನಿಮ್ಮ ವೆಬ್ ತಂತ್ರಾಂಶಕ್ಕೆ ಲಾಗಿನ್ ಆಗಿಯೇ ಕೊಡಬೇಕು. ಕಾಲ ಬಹಳ ಮುಂದುವರಿದಿದೆಯಲ್ಲವೇ! ಈ ಕೆಲಸಕ್ಕೆ ನಮ್ಮೊಡನೆ ಕೈಜೋಡಿಸಿದ ಬೇರೆ ಸಂಘಗಳ ಸಹಿ ಸಂಗ್ರಹಿಸಿ ಮಂಗಳವಾರ ಬೆಳಿಗ್ಗೆ ಗಂಗಾಂಬಿಕಾ ತಾಣ ತೆರೆದರೆ ಪರದೆಯ ತುಂಬ ಕೆಂಪು ಎಚ್ಚರಿಕೆ: ಈ ತಾಣ ಸುರಕ್ಷಿತವಲ್ಲ, ಇದರ ಪ್ರಮಾಣಪತ್ರದ ಅವಧಿ ಶನಿವಾರಕ್ಕೇ ಮುಗಿದಿದೆ. ಮೂವತ್ತಾರು ಮಗ್ಗದ ನಮ್ಮಂಥ ಸಂಘಕ್ಕೆ ತಿಂಗಳು ತಿಂಗಳು "ಪಾಸ್‌ವರ್ಡ್ ಬದಲಿಸಿ" ಎಂದು ಗದರುವ ಕಚೇರಿಗೆ, ತನ್ನದೇ ಪತ್ರ ಹಳಸಿ ಮೂರು ದಿನವಾದರೂ ಗೊತ್ತಿಲ್ಲ. ಚಿಮ್ಮಡದಿಂದ ಬದನೆಕಾಯಿ ತಂದು ಮಾರುವ ಮುದಕವ್ವನಿಗೂ ಬುಟ್ಟಿಯಲ್ಲಿ ನಿನ್ನೆಯದು ಯಾವುದು, ಇಂದಿನದು ಯಾವುದು ಎಂದು ತಿಳಿದಿರುತ್ತದೆ. ನಿಮ್ಮಲ್ಲಿ ಅಷ್ಟು ತಿಳಿಯಲು ಎಷ್ಟು ಮಂದಿ ಎಂಜಿನಿಯರುಗಳು ಬೇಕು?

ಸಹಾಯವಾಣಿಗೆ ಹದಿನಾಲ್ಕು ಸಲ ಫೋನು ಮಾಡಿದೆವು. ಮೂರು ಗಂಟೆಗೆ ಒಬ್ಬ ಪುಣ್ಯಾತ್ಮ ಸಿಕ್ಕ. ಅಲ್ಲಿಂದಲೇ ನಮ್ಮ ಕಂಪ್ಯೂಟರಿಗೆ ಲಾಗಿನ್ ಆದ. ಪರದೆಯ ಮೇಲೆ ಮೌಸಿನ ಬಾಣ ತಾನೇ ತಾನಾಗಿ ಅತ್ತಿತ್ತ ಓಡಾಡಿತು, ಎರಡು ಸಲ ಸಂಪರ್ಕ ಕಡಿಯಿತು. ಕೊನೆಗೆ ಅವನ ಅಪ್ಪಣೆಯಾಯಿತು: "ಪ್ರಾಬ್ಲಂ ನಿಮ್ಮ ಕಡೇದೇ ಮೇಡಂ. ಕಂಪ್ಯೂಟರ್ ಡೇಟು ಹಿಂದಕ್ಕೆ ಇಟ್ಬಿಡಿ, ಓಪನ್ ಆಗುತ್ತೆ."

"ಹಂಗ ಮಾಡಿದ್ರ ನನ್ನ ಸಹಿ ಮ್ಯಾಲೂ ಅದ ತಾರೀಖು ಬೀಳ್ತೈತಲ್ರಿ ಸರ?" ಎಂದು ಗಂಗಾಂಬಿಕಾ ಕೇಳಿದಳು.

"ಎಲ್ರೂ ಹಾಗೇ ಮಾಡ್ತಿದ್ದಾರೆ ಮೇಡಂ," ಎಂದು ಫೋನಿಟ್ಟ.

ಭಲೇ! ತಾಣದ ಪತ್ರ ಹಳೆಯದಾದರೆ ಊರವರೆಲ್ಲ ಕ್ಯಾಲೆಂಡರು ಹಿಂದಕ್ಕೆ ಮಗುಚಬೇಕು. ಇಷ್ಟು ಹೇಳಲು ಸರ್ಕಾರದ ಸಂಬಳ ಬೇಕೇ? ಈ ಬುದ್ಧಿ ನಮ್ಮ ಓಣಿಯ ಕಟ್ಟೆಯ ಮೇಲೆ ಪುಕ್ಕಟೆ ಸಿಗುತ್ತದೆ.

ಹಾಗೆ ನೋಡಿದರೆ ಶನಿವಾರಕ್ಕೆ ಇಟ್ಟಿದ್ದರೂ ಸಾಕಿತ್ತು. ಆದರೆ ಆ ಶನಿವಾರ ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ನಿಲ್ಲುತ್ತದೆ, ನೂಲು ಸುತ್ತಿದ ಹೊಸ ಬೀಮು ಏರಿಸುವುದಿಲ್ಲ. ಅಂಥ ದಿನ ಅರ್ಜಿಗೆ ಸಹಿ ಹಾಕುವುದುಂಟೇ? ಸಂಘದ ಅಧ್ಯಕ್ಷನಾದ ನಾನು ಆಕೆಯ ಬೆನ್ನ ಹಿಂದೆಯೇ ನಿಂತಿದ್ದೆ.

"ಅಮಾಸಿ ಬ್ಯಾಡ ತಂಗಿ, ಹಿಂದಿನ ಸೋಮಾರಕ್ಕ ಇಡು. ಶಿವನ ವಾರ, ಛಲೋ ಆಗ್ತೈತಿ."

"ಕಾಕಾ, ಸುಳ್ಳು ತಾರೀಖಿಗೆ ಸಹಿ ಮಾಡೂದು ನನಗ ಸರಿ ಅನ್ನಸವಲ್ದು. ನಾಳೆ ಯಾರರ ಕೇಳಿದ್ರ?"

"ಕೇಳಿದ್ರ ನಾ ಅದೀನಿ, ನಾ ಹೇಳ್ತೀನಿ. ಮಾಡು, ಹೊತ್ತಾಗಾಕತ್ತೈತಿ."

ಆಕೆ ಮಾಡಿದಳು. ಆ ಸೋಮವಾರ ಹದಿನೆಂಟನೇ ತಾರೀಖು. ನೀವು ಅರ್ಜಿ ಕರೆದದ್ದು ಇಪ್ಪತ್ತಕ್ಕೆ. ಕರೆಯುವ ಎರಡು ದಿನ ಮೊದಲೇ ನಮ್ಮ ಅರ್ಜಿಗೆ ಸಹಿ ಬಿದ್ದಿತ್ತು! ಅವಸರದಲ್ಲಿ ಇದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ದಡ್ಡತನ ಎನ್ನಿ, ಒಪ್ಪುತ್ತೇನೆ. ವಂಚನೆ ಹೇಗಾಯಿತು? ಅರ್ಜಿ ಮಂಗಳವಾರ ನಾಲ್ಕೂ ನಲವತ್ತಕ್ಕೆ ತಲುಪಿದೆ ಎಂದು ನೀವೇ ಕಳಿಸಿದ ಸಂದೇಶ ಸಂಘದ ಫೋನಿನಲ್ಲಿದೆ. ನಿಮ್ಮ ಸರ್ವರಿನಲ್ಲೂ ಅದೇ ಇರಬೇಕು. ನೋಡುವ ಪುರುಸೊತ್ತು ಯಾರಿಗಿದೆ? ಮರುದಿನ ಬೆಳಿಗ್ಗೆ ತಾಣದ ಪ್ರಮಾಣಪತ್ರ ಸದ್ದಿಲ್ಲದೆ ಹೊಸದಾಯಿತು. ಆಮೇಲೆ "ಸದರಿ ಅವಧಿಯಲ್ಲಿ ಯಾವುದೇ ತಾಂತ್ರಿಕ ತೊಂದರೆ ದಾಖಲಾಗಿರುವುದಿಲ್ಲ" ಎಂದು ನೋಟಿಸಿನಲ್ಲಿ ಬರೆದಿರಿ. ನಾಚಿಕೆಯಾಗಲಿಲ್ಲವೇ ನಿಮಗೆ?

ಇನ್ನು ನನ್ನ ಪಾಲಿನ ನಾಚಿಕೆ. ಕಳೆದ ವಾರ ಸಂಘದ ಸಭೆಯಲ್ಲಿ ಹಿರಿಯ ಸದಸ್ಯ ಮುತ್ತಪ್ಪ ಎಲ್ಲರೆದುರು ಕೇಳಿದರು: "ಹಂಗ ಮಾಡಂತ ನಿನಗ ಯಾರ ಹೇಳಿದ್ರವಾ?" ಗಂಗಾಂಬಿಕಾ ನನ್ನ ಕಡೆ ನೋಡಿದಳು. ನಾನು ಚಹಾದ ಕಪ್ಪಿನೊಳಗೆ ನೋಡುತ್ತ ಕುಳಿತೆ. "ನಾನ ಮಾಡೇನ್ರಿ," ಎಂದು ಆಕೆ ತಲೆ ತಗ್ಗಿಸಿದಳು. ತಪ್ಪನ್ನು ಕೈಕೆಳಗಿನವರ ತಲೆಗೆ ಕಟ್ಟುವ ವಿದ್ಯೆ ನಿಮ್ಮ ಕಚೇರಿಗೆ ಮಾತ್ರ ಬರುತ್ತದೆ ಎಂದುಕೊಂಡಿದ್ದೆ. ನನಗೂ ಚೆನ್ನಾಗಿ ಬರುತ್ತದೆ.

ಚಾದರದ ಕೆಲಸ ನೀವೇ ಇಟ್ಟುಕೊಳ್ಳಿ, ನಮ್ಮ ಮಗ್ಗಗಳು ಬೇರೆ ಬಟ್ಟೆ ನೇಯುತ್ತವೆ. ಉಳಿದ ಎರಡು ದಿನದಲ್ಲಿ ಆ ನೋಟಿಸು ಹಿಂದಕ್ಕೆ ಪಡೆದು, ಅವಧಿ ಮೀರಿದ್ದು ನಿಮ್ಮ ಪ್ರಮಾಣಪತ್ರ ಎಂದು ನಿಮ್ಮ ಸಹಿ ಹಾಕಿ ಕೊಡಿ. ವಂಚನೆಯೇ ಎಂಬ ಹಠವಿದ್ದರೆ ಗಂಗಾಂಬಿಕಾಳ ಹೆಸರು ಹೊಡೆದು ಹಾಕಿ ಅಲ್ಲಿ ನನ್ನ ಹೆಸರು ಬರೆಯಿರಿ.

ನಿಮಗೆ ಕಳಿಸಿ ಪತ್ರಿಕೆಗೂ ಕೊಡುವ ಮೊದಲು ಈ ಪತ್ರವನ್ನು ಆಕೆಗೆ ಓದಿ ಹೇಳಿದೆ. "ಸಭಾದಾಗ ಹೇಳಬೇಕಿತ್ರಿ ಕಾಕಾ," ಎಂದಳು.

ಇಂತಿ,
ಹದಿಮೂರನೆಯ ದಿನ ಬಾಯಿ ಬಿಟ್ಟವ,
ಗುರುಸಿದ್ದ
ನೇಕಾರರ ಸಂಘದ ಅಧ್ಯಕ್ಷ, ಬನಹಟ್ಟಿ