ಹೆಂಗಸರ ಕೋಣೆಯ ಬೀಗ ಮತ್ತು ಬಾರದ ಆಕ್ಷೇಪಣೆ

ಮಸೀದಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹೆಂಗಸರು ಕೂತು ಪ್ರವಚನ ಕೇಳುತ್ತಿದ್ದ ನಮ್ಮ ಮಸೀದಿಯ ಪಕ್ಕದ ಕೋಣೆಗೆ ಕಳೆದ ಶುಕ್ರವಾರ ಬೀಗ ಬಿದ್ದಿದೆ. ಇದನ್ನು ನನಗೆ ತಿಳಿಸಿದ್ದು, ಮುಚ್ಚಿದ ಬಾಗಿಲು ನೋಡಿ ಮರಳಿದ ನನ್ನ ಅಕ್ಕ. ಮನೆಯಲ್ಲೇ ಬಟ್ಟೆ ಹೊಲಿಯುವ ಆಕೆ ವಾರಕ್ಕೊಮ್ಮೆ ಮಿಷನ್ನು ನಿಲ್ಲಿಸಿ ಹೋಗುತ್ತಿದ್ದುದು ಅಲ್ಲಿಗೆ ಮಾತ್ರ.

ನಿಮ್ಮ ಕಾರ್ಯದರ್ಶಿಗಳನ್ನು ಕೇಳಿದೆ. "ಇನ್ಮೇಲೆ ಎಲ್ಲಾ ಲೈವ್ ಕಣಪ್ಪಾ. ಮನೇಲೇ ಕೂತು ಕೇಳ್ಲಿ, ಓಡಾಡೋ ಕಷ್ಟ ತಪ್ತು," ಎಂದರು. ಅಕ್ಕನ ಹತ್ತಿರ ಫೋನಿಲ್ಲ ಎಂದೆ. "ಈ ಕಾಲದಲ್ಲಿ ಫೋನಿಲ್ದೋರು ಯಾರಿದಾರೆ?" ಎಂದು ತಮ್ಮ ಫೋನಿನಿಂದ ಕಣ್ಣೆತ್ತದೆಯೇ ನಕ್ಕರು.

ಇದ್ದಾರೆ, ಮಾನ್ಯರೇ. ಅಕ್ಕನ ಮನೆಯ ಒಂದೇ ಫೋನು ಭಾವನ ಲಾರಿಯಲ್ಲಿ ಊರೂರು ತಿರುಗುತ್ತದೆ. ಪ್ರವಚನದ ನಂತರ ಇಮಾಮರು ಪರದೆಯ ಆಚೆಯಿಂದ ಹೆಂಗಸರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು; ಕೇಳಿದವರು ಯಾರೆಂದು ಅವರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಆ ಪ್ರಶ್ನೆಗಳನ್ನು ಲೈವ್‌ನ ಕಾಮೆಂಟಿನಲ್ಲಿ ಬರೆಯಬೇಕಂತೆ. ಭಾವ ಬಂದಾಗ ಅವರ ಫೋನಿಂದ ಕೇಳು ಎಂದು ಅಕ್ಕನಿಗೆ ಸಲಹೆ ಕೊಟ್ಟೆ.

"ಅವರ ಫೋನಲ್ಲಿ, ಅವರ ಹೆಸರಲ್ಲಿ, ಅವರ ಮೇಲೇ ದೂರು ಹೇಳ್ಕೊಳ್ಲಾ? ಭಾರಿ ಬುದ್ಧಿವಂತ ಕಣೋ ನೀನು!" ಎಂದಳು. ದೂರು ಏನೆಂದು ನನಗೂ ಹೇಳಲಿಲ್ಲ. ಹೇಳಲು ಅವಳಿಗಿದ್ದದ್ದು ಆ ಪರದೆಯೊಂದೇ.

ಕೋಣೆ ಮುಚ್ಚಲು ಯಾರ ಆಕ್ಷೇಪಣೆಯೂ ಬರಲಿಲ್ಲ ಎಂದು ನೀವು ಘೋಷಿಸಿದ್ದೀರಿ. ಹೇಗೆ ಬರುತ್ತದೆ? ಆಕ್ಷೇಪಣೆ ಕೇಳಿದ್ದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಅಲ್ಲಿ ಹೆಂಗಸರೇ ಇಲ್ಲ; ಇರುವ ನಮಗೆ ಓದಲು ಅವಕಾಶವಿದೆ, ಬರೆಯಲು ಅಡ್ಮಿನ್‌ಗಳಿಗೆ ಮಾತ್ರ. ಬಾಯಿಗೆ ಬಟ್ಟೆ ತುರುಕಿ, ಮೌನವನ್ನು ಸಮ್ಮತಿ ಎಂದು ಬರೆದುಕೊಳ್ಳುವ ಈ ಜಾಣತನ ಯಾರದು? ಇನ್ನೊಂದು ಮಾತು. ನಿಮ್ಮ ಸೂಚನೆ ಗುಂಪಿಗೆ ಬರುವ ಮುಂಚೆಯೇ ಆ ಕೋಣೆಯೊಳಗೆ ಕ್ಯಾಮೆರಾ, ದೀಪದ ಸ್ಟ್ಯಾಂಡು ಬಂದು ಕೂತಿದ್ದನ್ನು ನಾನೇ ಕಿಟಕಿಯಿಂದ ಕಂಡಿದ್ದೇನೆ. ತೀರ್ಮಾನ ಮೊದಲೋ, ಅಭಿಪ್ರಾಯ ಮೊದಲೋ? ನನ್ನ ಸಂಶಯ ತಪ್ಪಾಗಿದ್ದರೆ ತಪ್ಪೆಂದು ತೋರಿಸಿ, ಸಂತೋಷದಿಂದ ಒಪ್ಪುತ್ತೇನೆ.

ಲೈವ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಕ್ಯಾಮೆರಾಕ್ಕೆ ನಿಮ್ಮ ಕಚೇರಿ ಸಾಕು. ಕೋಣೆಯ ಬೀಗ ತೆಗೆಯಿರಿ, ಪರದೆ ಮತ್ತೆ ಕಟ್ಟಿಸಿ, ಆಕ್ಷೇಪಣೆಯನ್ನು ಹೆಂಗಸರ ಬಾಯಿಂದಲೇ ಕೇಳಿ.

ಬರುವ ಶುಕ್ರವಾರ ನಮಾಜಿನ ನಂತರ ಆ ಕೋಣೆಯಲ್ಲಿ ಸ್ಟುಡಿಯೊ ಉದ್ಘಾಟನೆ ಎಂದು ಗುಂಪಿನಲ್ಲಿ ಪ್ರಕಟವಾಗಿದೆ. ಅಕ್ಕ ಮತ್ತು ಅವಳ ಬೀದಿಯ ಹೆಂಗಸರು ಎಂದಿನಂತೆ ಅದೇ ಹೊತ್ತಿಗೆ ಅಲ್ಲಿಗೆ ಬರುತ್ತಾರೆ.

ಇಂತಿ,
ನಿಮ್ಮ ಗುಂಪಿನಲ್ಲಿ ಓದಲಷ್ಟೇ ಅರ್ಹನಾದ ಒಬ್ಬ ಸದಸ್ಯ