ದುರುಗಮ್ಮನ ಪ್ರಶ್ನೆಗಳು

ಶಿಕಾರಿಪುರ
೨೩-೨-೧೯೯೯

ಮಗಳು ಗಂಗಾಶ್ರೀಗೆ ಅಪ್ಪನ ಪ್ರೀತಿಯ ಆಶೀರ್ವಾದ.

ಹೇಗಿದ್ದೀಯಮ್ಮಾ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಬರುತ್ತಿದ್ದ ಕಾಲುನೋವು ಕಡಿಮೆಯಾಯಿತೇ? ಅಳಿಯಂದಿರು, ಮಗು ಧನ್ಯಾ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನನ್ನ ಮಂಡಿ ಎಂದಿನಂತೆ ಹಟ ಹಿಡಿದಿದೆ. ನಿಮ್ಮಮ್ಮ ಗಟ್ಟಿಯಾಗಿದ್ದಾಳೆ, ಹಟವೂ ಹಾಗೆಯೇ. ನೀನು ಅವಳ ಮಾತು ಮೀರಿ ಮದುವೆಯಾಗಿ ಮೂರು ವರ್ಷವಾದರೂ ನಿನ್ನ ಹೆಸರೆತ್ತುವುದಿಲ್ಲ. ನಿನ್ನ ಫೋನು ಬಂದರೆ ಹಿತ್ತಲಿಗೆ ಹೋಗುತ್ತಾಳೆ.

ಇ-ಮೇಲ್ ಗುಂಪಿಗೆ ಬರೆದರೆ ಊರೆಲ್ಲ ಓದುತ್ತದೆ, ಅದಕ್ಕೇ ಈ ಅಂಚೆ. ನಮ್ಮೂರಿನವರ ಆ ಗುಂಪನ್ನು ಯುಗಾದಿಯೊಳಗೆ ಮುಚ್ಚಿಬಿಡುತ್ತೇನೆ ಅಂತ ಫೋನಿನಲ್ಲಿ ಅಂದೆಯಲ್ಲ, ಕೇಳಿ ಸಿಟ್ಟು ನೆತ್ತಿಗೇರಿತು. ಕಟ್ಟಿದವಳು ನೀನು, ಒಪ್ಪಿದೆ. ಮಸ್ಕತ್ತಿನಲ್ಲಿ ಕೂತು ಒಬ್ಬೊಬ್ಬರನ್ನೇ ಹುಡುಕಿ ಸೇರಿಸಿದೆ. "ನಾನೊಬ್ಬಳೇ ದುಡೀಬೇಕು, ಉಳಿದವರು ಬರೀ ಓದ್ತಾರೆ. ಆ ದುರುಗಮ್ಮ ಅಂತೂ ವಾರವಾರ ಮಗೂಗೆ ಹಲ್ಲು ಬಂತಾ, ಅಲ್ಲಿ ಮೆಂತ್ಯ ಸೊಪ್ಪು ಸಿಗ್ತದಾ ಅಂತಾಳೆ. ಇದಕ್ಕಾ ನಾನು ಗುಂಪು ಕಟ್ಟಿದ್ದು?" ಎಂದೆ ನೀನು. ಬರೀ ಓದುವವರನ್ನು ನೀನು ಕಂಡಿಲ್ಲ ಕಣಮ್ಮಾ. ಭಾನುವಾರ ಉಮೇರ್ ತನ್ನ ಕಂಪ್ಯೂಟರ್ ಸೆಂಟರಿನಲ್ಲಿ ಎಲ್ಲವನ್ನೂ ಪ್ರಿಂಟ್ ತೆಗೆಯುತ್ತಾನೆ. ಅವರಪ್ಪ ಇನಾಯತ್ ಉಲ್ಲಾ ಸಾಹೇಬರು ಹೊಲಿಗೆ ಮಿಷನ್ ನಿಲ್ಲಿಸಿ ಗಟ್ಟಿಯಾಗಿ ಓದುತ್ತಾರೆ. ಅಕ್ಷರ ಬಾರದ ಚಿಕ್ಕಬೀರಪ್ಪ ಚೀಲ ಕೆಳಗಿಟ್ಟು ಕೂರುತ್ತಾನೆ, ಅಂಬ್ಲಿಗೊಳ ಡ್ಯಾಮಿನ ನೀರು ನಾಲೆಗೆ ಬಿಟ್ಟರೆಂದು ಪುಣೆಯಲ್ಲಿರುವ ತಮ್ಮನಿಗೆ ಹೇಳಿಸುತ್ತಾನೆ. ಅದನ್ನೆಲ್ಲ ನಾನು ಒಂದೇ ಬೆರಳಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಕಳಿಸುತ್ತೇನೆ. ನಗಬೇಡ.

ನಾನು ಸೊರಬದಲ್ಲಿ ಗುಮಾಸ್ತನಾಗಿದ್ದಾಗ ನೀನು ಆರನೇ ಕ್ಲಾಸು. ಬಸ್‌ಸ್ಟ್ಯಾಂಡಿನ ಎದುರಿನ ಬಾಡಿಗೆ ಮನೆಯ ಕಂಬಕ್ಕೆ ಸ್ಲೇಟು ನೇತುಹಾಕಿ ನೀನು ಬಸ್ಸಿನ ಸಮಯ ಬರೆಯುತ್ತಿದ್ದೆ. ಯಾರೂ ಭೇಷ್ ಅನ್ನಲಿಲ್ಲವೆಂದು ಅತ್ತೂ ಅತ್ತೂ ಸಾಕುಮಾಡಿದೆ. ಆಮೇಲೆ ಜ್ವರ ಬಂದು ವಾರ ಮಲಗಿದೆ. ಎದ್ದು ನೋಡಿದರೆ ಸ್ಲೇಟಿನ ತುಂಬ ಬೇರೆ ಬೇರೆ ಕೈಬರಹ: ಶಿರಸಿ ಬಸ್ಸು ಕೆಟ್ಟಿದೆ, ಗುಡವಿ ಕೆರೆಗೆ ಹಕ್ಕಿ ಬಂದಿವೆ, ಕಂದು ಕರು ಕಂಡವರು ತಿಳಿಸಿ. ಬಳಪ ಯಾರು ತಂದಿಟ್ಟರೋ! ಆವತ್ತು ನೀನು ಜಗಲಿಯ ಮೇಲೆ ಕುಣಿದಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆ ಮನೆ, ಆ ಕಂಬ ನೆನೆದರೆ ಸಂಕಟವಾಗುತ್ತದೆ ಕಣೇ.

ಶಿವ ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ. ಧನ್ಯಾಳ ಕೆನ್ನೆಗೆ ಅಜ್ಜನ ಮುತ್ತು.

ನಿನ್ನ ಅಪ್ಪ,
ಬೆನಕಪ್ಪ

ವಿ.ಸೂ.: ದುರುಗಮ್ಮ ಅಂತ ಯಾರೂ ಇಲ್ಲ. ಹೆಸರು ನಾನು ಕಟ್ಟಿದ್ದು, ಪ್ರಶ್ನೆ ನಿಮ್ಮಮ್ಮನದು. ನಾನು ಪ್ರಿಂಟನ್ನು ಮನೆಗೆ ತಂದು ಗಟ್ಟಿಯಾಗಿ ಓದುವಾಗ ಅವಳು ಅಕ್ಕಿ ಆರಿಸುತ್ತ ಕೂತಿರುತ್ತಾಳೆ. ಮುಗಿದ ಮೇಲೆ, "ಹಿಂಗ್ ಕೇಳ್ರಿ, ನನ್ನ ಹೆಸರು ಹಾಕಬ್ಯಾಡ್ರಿ" ಅನ್ನುತ್ತಾಳೆ. ಮೊನ್ನೆ ಭಾನುವಾರ, "ಮಗೂನ ಯಾವಾಗ ಕರ್ಕೊಂಡು ಬರ್ತಾಳಂತ ಕೇಳ್ರಿ" ಅಂದಳು. "ದುರುಗಮ್ಮ ಅಂತ ಬರೀಲಾ?" ಅಂದೆ. ಅವಳು ಮೊರ ಕೆಳಗಿಟ್ಟಳು. "ಬ್ಯಾಡ. ನನ್ನ ಹೆಸರೇ ಹಾಕ್ರಿ, ವೀರಮ್ಮ ಅಂತ" ಅಂದಳು. ನಿನಗೆ ಈ ಪತ್ರ ಮೊದಲು ಮುಟ್ಟಲೆಂದು ತಡೆದಿದ್ದೇನೆ. ಮಾರ್ಚ್ ಹದಿನಾಲ್ಕರ ಭಾನುವಾರ ಕುಟ್ಟಿ ಕಳಿಸುತ್ತೇನೆ. ಅಷ್ಟರೊಳಗೆ ಗುಂಪು ಮುಚ್ಚಬೇಡ ಕಣೇ.