ನನ್ನ ಬಂದೂಕನ್ನು ವಾಪಸು ತೆಗೆದುಕೊಳ್ಳಿ

ಜಲಾಶಯ ರಕ್ಷಣಾಧಿಕಾರಿಗಳಾದ ಮಾನ್ಯರೇ,

ಬಂದೂಕು ಕೊಡಿ ಎಂದು ನಿಮ್ಮ ಕಚೇರಿಯ ಮೆಟ್ಟಿಲು ಸವೆಸುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಕೊಟ್ಟ ಬಂದೂಕನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ ಎಂದು ಅದೇ ಮೆಟ್ಟಿಲನ್ನು ಐದು ಸಲ ಹತ್ತಿ ಇಳಿದವಳು ಬಹುಶಃ ನಾನೊಬ್ಬಳೇ. ಐದು ಸಲವೂ ನಿಮ್ಮವರು ತೆಗೆದುಕೊಳ್ಳಲಿಲ್ಲ. ಕಳೆದ ತಿಂಗಳು ಕೊಟ್ಟ ಹಿಂಬರಹ ಹೀಗಿದೆ: ‘ಅರ್ಜಿದಾರರಿಗಿರುವ ಜೀವಬೆದರಿಕೆ ಕೊನೆಗೊಂಡಿದೆ ಎಂಬುದಕ್ಕೆ ದೃಢೀಕೃತ ದಾಖಲೆ ಲಗತ್ತಿಸದ ಕಾರಣ ಆಯುಧವನ್ನು ಹಿಂಪಡೆಯಲು ಅವಕಾಶವಿರುವುದಿಲ್ಲ.’ ಬೆದರಿಕೆ ಇದೆ ಎಂದು ರುಜುವಾತು ಮಾಡಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಇಲ್ಲ ಎಂದು ರುಜುವಾತು ಮಾಡಲು ಯಾರ ಸಹಿ ತರಬೇಕು? ಬೆದರಿಸಿದವರದೇ?

ನನ್ನ ಪರಿಚಯ ನಿಮಗಿಲ್ಲ. ನನ್ನ ಕೈಕೆಲಸದ ಪರಿಚಯ ಮಾತ್ರ ದಿನಾ ಆಗುತ್ತಿದೆ. ನಿಮ್ಮ ಕಚೇರಿಯ ಎದುರು ಸಾಲಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುವ ದರ್ಜಿ ನಾನು. ನಿಮ್ಮ ಹನ್ನೊಂದು ಕಾವಲುಗಾರರ ಸಮವಸ್ತ್ರವನ್ನು ಒಂಬತ್ತು ವರ್ಷಗಳಿಂದ ಹೊಲಿಯುತ್ತಿದ್ದೇನೆ. ದರ್ಜಿಗೆ ಇಲಾಖೆಯ ವಾರ್ಷಿಕ ವರದಿ ಓದುವ ಅಗತ್ಯ ಬೀಳುವುದಿಲ್ಲ. ಅಳತೆಪುಸ್ತಕ ಸಾಕು. ಮೊದಮೊದಲು ನಿಮ್ಮವರ ಸೊಂಟ ಮೂವತ್ತೆರಡು, ಮೂವತ್ಮೂರು ಇರುತ್ತಿತ್ತು. ರಿಪೇರಿಗೆ ಬರುತ್ತಿದ್ದ ಪ್ಯಾಂಟುಗಳು ಮೊಣಕಾಲಿನಲ್ಲಿ ಹರಿದಿರುತ್ತಿದ್ದವು, ಮಡಿಕೆಯಲ್ಲಿ ಕೆಸರು ಒಣಗಿರುತ್ತಿತ್ತು. ಈಗ ಸೊಂಟ ನಲವತ್ತು ದಾಟಿದೆ, ಪ್ಯಾಂಟುಗಳು ಹಿಂಭಾಗದಲ್ಲಿ ಸವೆದು ಬರುತ್ತಿವೆ. ಜಲಾಶಯದ ಕಾವಲು ಎಲ್ಲಿಂದ ಎಲ್ಲಿಗೆ ಸ್ಥಳಾಂತರವಾಯಿತು ಎಂಬುದಕ್ಕೆ ಇದಕ್ಕಿಂತ ಅಧಿಕೃತ ದಾಖಲೆ ನಿಮ್ಮ ಕಡತಗಳಲ್ಲೂ ಇರಲಾರದು.

ನನ್ನ ಅಣ್ಣ ಮೀನುಗಾರ. ಊರೆಲ್ಲ ಅವನನ್ನು ‘ರೇಡಿಯೊ’ ಎನ್ನುತ್ತದೆ, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲದ ಕಾರಣ. ಅಂಗಡಿಗೆ ರಜೆ ಇದ್ದ ದಿನ ನಾನು ಅವನ ದೋಣಿ ಹತ್ತುತ್ತೇನೆ. ವಾರವಿಡೀ ಸೂಜಿಯ ಕಣ್ಣಿನಲ್ಲಿ ಕಣ್ಣಿಟ್ಟವಳಿಗೆ ಅಷ್ಟು ಅಗಲದ ನೀರು ಒಂದು ಔಷಧ. ಹಿಂದೆ ನಾವು ಹೋಗುತ್ತಿದ್ದದ್ದು ಜಲಾಶಯದ ಮೇಲ್ತುದಿಗೆ, ಎರಡು ಗುಡ್ಡಗಳು ನೀರನ್ನು ಇಕ್ಕಟ್ಟು ಮಾಡುವಲ್ಲಿಗೆ. ಎಂಜಿನ್ ಹಾಕಿದರೆ ಮೂರು ಗಂಟೆಯ ದಾರಿ. ಅಲ್ಲಿ ಮನೆಯಿಲ್ಲ, ರಸ್ತೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇದ್ದದ್ದು ನಿಮ್ಮ ಕಾವಲುಮನೆ ಒಂದೇ. ಇಬ್ಬರು ಕಾವಲುಗಾರರು, ಒಂದು ಬಂದೂಕು, ಒಂದು ವೈರ್‌ಲೆಸ್ ಪೆಟ್ಟಿಗೆ. ಆರು ವರ್ಷಗಳ ಕೆಳಗೆ ಸಿಬ್ಬಂದಿ ಕೊರತೆಯ ಹೆಸರಿನಲ್ಲಿ ಅದಕ್ಕೆ ಬೀಗ ಬಿತ್ತು. ಆಗಲೂ ಹನ್ನೊಂದೇ ಜನ ಇದ್ದರು, ಈಗಲೂ ಹನ್ನೊಂದೇ. ಕೊರತೆಯಾದದ್ದು ಏನು ಎಂದು ನಾನು ಬಲ್ಲೆ, ಹೇಳುವುದಿಲ್ಲ. ನನ್ನ ಗಿರಾಕಿಗಳು ಅವರು.

ಬೀಗ ಬಿದ್ದ ಮೇಲೆ ಆ ನೀರಿಗೆ ಬೇರೆ ಕಾವಲು ಬಂತು. ಸಿಡಿಮದ್ದು ಎಸೆದು ಮೀನು ಕೊಲ್ಲುವವರು. ಎರಡು ವರ್ಷಗಳ ಕೆಳಗೆ ಒಂದು ಬೆಳಗ್ಗೆ ನಾವು ಗಾಳ ಬಿಟ್ಟು ಕೂತಿದ್ದಾಗ ಗುಡ್ಡದ ಮರೆಯಲ್ಲಿ ನೀರು ಗುಡುಗಿತು. ಸ್ವಲ್ಪ ಹೊತ್ತಿಗೆ ನಮ್ಮ ದೋಣಿಯ ಸುತ್ತ ಬೆರಳುದ್ದದ ಮರಿಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿಬಂದವು. ಹಿಂದೆಯೇ ಅವರ ದೋಣಿ ಬಂತು. ನಾಲ್ವರಿದ್ದರು. ನಾನು ಅಣ್ಣನ ಅಂಗಿ ಜಗ್ಗಿದೆ. ಅವನು ಸುಮ್ಮನಿರುವ ಜಾತಿಯಲ್ಲ.

“ಏನ್ರಯ್ಯಾ, ಮರಿಗಳನ್ನೂ ಬಿಡಲ್ವಾ? ನಾಳೆ ಏನು ಹಿಡೀತೀರಿ, ಕಲ್ಲಾ?” ಎಂದ.

ಅವರಲ್ಲೊಬ್ಬ ದೋಣಿಯನ್ನು ನಿಧಾನಕ್ಕೆ ನಮ್ಮದಕ್ಕೆ ತಾಗಿಸಿದ. “ಯಾರಿಗೆ ಹೇಳ್ಬೇಕೋ ಹೋಗಿ ಹೇಳು. ನಾವೆಲ್ಲೂ ಹೋಗಲ್ಲ, ಇಲ್ಲೇ ಇರ್ತೀವಿ” ಎಂದು ಹೇಳಿ, ಅಷ್ಟೇ ನಿಧಾನಕ್ಕೆ ಹುಟ್ಟನ್ನು ಎತ್ತಿ ಅಣ್ಣನ ಎಡಗಿವಿಯ ಮೇಲೆ ಬೀಸಿದ. ಇನ್ನೊಂದು ಏಟು ಭುಜಕ್ಕೆ ಬಿತ್ತು. ನಮ್ಮ ಎಂಜಿನ್ ಬಿಚ್ಚಿಕೊಂಡರು. ಒಂದು ಹುಟ್ಟನ್ನು ನಮಗೆ ಬಿಟ್ಟರು, ಅದು ಅವರ ದೊಡ್ಡ ಗುಣ. ಎಂಟು ಗಂಟೆ ನಾನೊಬ್ಬಳೇ ದೋಣಿ ನಡೆಸಿದೆ. ಅಣ್ಣ ಕಾಲಡಿಯಲ್ಲಿ ಮುದುಡಿಕೊಂಡಿದ್ದ. ಅವನು ಒಂದು ಮಾತೂ ಆಡದೆ ಇದ್ದ ಎಂಟು ಗಂಟೆಗಳನ್ನು ನಾನು ಅದೇ ಮೊದಲು ನೋಡಿದ್ದು.

ಎಡಗಿವಿ ಹೋಯಿತು. ದೂರು ಕೊಡಲು ನಿಮ್ಮ ಕಚೇರಿಗೆ ಬಂದೆವು. ನಿಮ್ಮ ಹಿರಿಯ ಗುಮಾಸ್ತರು ಬಹಳ ತಾಳ್ಮೆಯಿಂದ ವಿಚಾರಿಸಿದರು.

“ಏಟು ಬಿದ್ದಿದ್ದು ಯಾರಿಗಮ್ಮ?”

“ನಮ್ಮಣ್ಣನಿಗೆ ಸಾರ್.”

“ಮನುಷ್ಯರಿಗೆ. ಹಾಗಾದ್ರೆ ನಮಗೆ ಬರಲ್ಲ. ನಮ್ಮದು ನೀರು, ಮೀನು.”

“ಮೀನಿಗೂ ಮದ್ದು ಹಾಕಿದಾರಲ್ಲ ಸಾರ್?”

“ಸತ್ತ ಮೀನು ತಂದಿದೀರಾ?”

ತಂದಿರಲಿಲ್ಲ. ಸಾಯುತ್ತಿರುವ ಅಣ್ಣನನ್ನು ತರುವ ಅವಸರದಲ್ಲಿ ಮೀನು ಮರೆತಿದ್ದೆ. ಆಗಲೇ ಅಲ್ಲವೇ ನೀವು ಒಳಕೋಣೆಯಿಂದ ಹೊರಬಂದದ್ದು? ಕೈ ಒರೆಸಿಕೊಳ್ಳುತ್ತ ನಿಂತು ನೀವು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ. “ಅಷ್ಟು ದೂರ ಹೋಗೋರು ನಿಮ್ಮ ರಕ್ಷಣೆ ನೀವೇ ನೋಡ್ಕೋಬೇಕಮ್ಮ. ಒಂದು ಬಂದೂಕಿಗೆ ಅರ್ಜಿ ಹಾಕಿ.” ನಾವು ಕೇಳಿದ್ದು ಕಾವಲುಮನೆಗೆ ಇಬ್ಬರು. ನೀವು ತೋರಿಸಿದ್ದು ಅರ್ಜಿ ನಮೂನೆ. ಆಸ್ಪತ್ರೆ ಕೇಳಿದವರಿಗೆ ಚಾಕು ಕೊಟ್ಟು ಶಸ್ತ್ರಚಿಕಿತ್ಸೆ ನೀವೇ ಮಾಡಿಕೊಳ್ಳಿ ಎನ್ನುವ ಪದ್ಧತಿ ಬೇರೆ ಇಲಾಖೆಗಳಿಗೆ ಇನ್ನೂ ಹೊಳೆದಿಲ್ಲ. ಆ ಕೀರ್ತಿ ನಿಮಗೇ ಸಲ್ಲಬೇಕು.

ಅಣ್ಣ ಅರ್ಜಿ ಹಾಕಿದ. ಭುಜಕ್ಕೆ ಪೆಟ್ಟಾಗಿರುವುದರಿಂದ ಆಯುಧ ಹಿಡಿಯಲು ದೈಹಿಕವಾಗಿ ಅನರ್ಹ ಎಂದಿರಿ. ನಾನು ಹಾಕಿದೆ. ಹಲ್ಲೆಯಾಗಿರುವುದು ಅಣ್ಣನ ಮೇಲೆ, ಆದ್ದರಿಂದ ಅರ್ಜಿದಾರಳಿಗೆ ಬೆದರಿಕೆ ಇಲ್ಲ ಎಂದಿರಿ. ಏಟು ತಿಂದವನಿಗೆ ತಿಂದದ್ದರಿಂದ ಇಲ್ಲ, ತಿನ್ನದವಳಿಗೆ ತಿನ್ನದಿದ್ದುದರಿಂದ ಇಲ್ಲ. ಇಷ್ಟು ಚೊಕ್ಕವಾಗಿ ಎರಡೂ ಬದಿ ಮಡಚಿ ಹೊಲಿಯುವುದು ಒಬ್ಬ ದರ್ಜಿಯಾಗಿ ನನಗೂ ಬರುವುದಿಲ್ಲ. ಮೇಲ್ಮನವಿ ಹೋಯಿತು, ಕಡತ ಕಳೆಯಿತು, ಕಡತ ಸಿಕ್ಕಿತು. ಹದಿನಾಲ್ಕನೇ ತಿಂಗಳಲ್ಲಿ ಒಂಟಿ ನಳಿಕೆಯ ಬಂದೂಕಿಗೆ ಪರವಾನಗಿ ಬಂತು. ನಿಮ್ಮ ಉಗ್ರಾಣದಿಂದಲೇ ತೋಟಾಗಳ ಡಬ್ಬಿ ಬಂತು. ಕಚೇರಿಯ ಹಿತ್ತಲಲ್ಲಿ ಅರ್ಧ ದಿನದ ತರಬೇತಿಯೂ ಆಯಿತು. ಒಂದು ತಗಡಿಗೆ ನಾಲ್ಕು ಗುಂಡು ಹೊಡೆದೆ, ಎರಡು ತಗುಲಿದವು. “ಪರವಾಗಿಲ್ಲಮ್ಮ, ನಮ್ಮವರಿಗಿಂತ ವಾಸಿ” ಎಂದರು ತರಬೇತಿದಾರರು.

ಬಂದೂಕು ಇಟ್ಟುಕೊಂಡವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಒಂಟಿಯಾಗಿ ಆ ನೀರಿಗೆ ಹೋಗುವವರ ಭಯ ಎಂಥದ್ದು ಎಂದು ಬಲ್ಲೆ. ಮೊದಲ ಸಲ ಅದನ್ನು ತೊಡೆಯ ಮೇಲಿಟ್ಟುಕೊಂಡು ಗುಡ್ಡಗಳ ನಡುವಿನ ಆ ಇಕ್ಕಟ್ಟಿಗೆ ಹೋದಾಗ ನನಗೂ ಧೈರ್ಯವೇ ಬಂದಿತ್ತು. ಆದರೆ ಆ ಧೈರ್ಯಕ್ಕೆ ಒಂದು ಗುಣವಿದೆ, ನಿಮ್ಮ ಹಿತ್ತಲಿನಲ್ಲಿ ಅದನ್ನು ಹೇಳಿಕೊಡಲಿಲ್ಲ. ಅಲ್ಲಿಯವರೆಗೆ ನಾನು ನೀರು ನೋಡುತ್ತಿದ್ದೆ, ಹಕ್ಕಿ ನೋಡುತ್ತಿದ್ದೆ, ಗಾಳದ ಬೆಂಡು ನೋಡುತ್ತಿದ್ದೆ. ಆ ದಿನದಿಂದ ಪೊದೆಗಳನ್ನು ನೋಡತೊಡಗಿದೆ. ಪ್ರತಿ ಪೊದೆಯಲ್ಲೂ ನಾಲ್ವರು ಕೂತಿದ್ದರು.

ಮೂರನೇ ಸಲ ಹೋದಾಗ ಬೆಳಗ್ಗೆ ಎಂಟಾದರೂ ಮಂಜು ಎದ್ದಿರಲಿಲ್ಲ. ಹತ್ತು ಮಾರು ಆಚೆಗೆ ಏನೂ ಕಾಣದು. ಅಣ್ಣ ನನಗೆ ಬೆನ್ನು ಮಾಡಿ ಬಲೆ ಎಳೆಯುತ್ತಿದ್ದ. ಎಡಗಡೆಯಿಂದ ನೀರು ಕಲಕುವ ಸದ್ದು ಬಂತು. ಅವನಿಗೆ ಕೇಳಿಸಲಿಲ್ಲ, ಆ ಕಡೆಯ ಕಿವಿ ಇಲ್ಲವಲ್ಲ. ಮಂಜಿನೊಳಗಿಂದ ಒಂದು ದೋಣಿಯ ಮೂತಿ ಕಂಡಿತು. ಎಂಜಿನ್ ಇಲ್ಲ. ಎರಡು ತಲೆಗಳು ಬಗ್ಗಿಕೊಂಡಿದ್ದವು.

“ಯಾರದು? ಅಲ್ಲೇ ನಿಲ್ಸಿ” ಎಂದು ಕೂಗಿದೆ.

ಉತ್ತರವಿಲ್ಲ. ತಲೆಗಳು ಇನ್ನೂ ಬಗ್ಗಿದವು. ದೋಣಿ ನಿಲ್ಲಲಿಲ್ಲ.

“ನಿಲ್ಸಿ, ಬಂದೂಕಿದೆ.”

ಆಗ ಅದರೊಳಗಿಂದ ಒಂದು ಹುಟ್ಟು ಮೇಲೆದ್ದಿತು. ಮಾನ್ಯರೇ, ನಾನು ಏನನ್ನೂ ಯೋಚಿಸಲಿಲ್ಲ. ಅಣ್ಣನ ಕಿವಿಯ ಮೇಲೆ ಬಿದ್ದ ಹುಟ್ಟು ಮಾತ್ರ ಕಣ್ಣ ಮುಂದಿತ್ತು. ಗುರಿ ಹಿಡಿದು ಬಂದೂಕಿನ ಕುದುರೆ ಎಳೆದೆ.

ಟಿಕ್ ಎಂದಿತು. ಅಷ್ಟೇ. ಗುಂಡು ಹಾರಲಿಲ್ಲ.

ಆ ಟಿಕ್‌ನ ಹಿಂದೆಯೇ ದೋಣಿಯ ತಳದಿಂದ ಹೆಂಗಸೊಬ್ಬಳು ನರಳುವುದು ಕೇಳಿಸಿತು. ದೋಣಿ ತೇಲುತ್ತ ಹತ್ತಿರ ಬಂತು. ಹುಟ್ಟು ಎತ್ತಿದ್ದವಳು ಗುಡ್ಡದಾಚೆಯ ಆರೋಗ್ಯ ಕೇಂದ್ರದ ದಾದಿ. ನಾವು ಬಡಿದುಕೊಳ್ಳದ ಹಾಗೆ ನಮ್ಮ ದೋಣಿಯನ್ನು ದೂರ ತಳ್ಳಲು ಎತ್ತಿದ್ದಳು. ಇನ್ನೊಂದು ತಲೆ ಒಬ್ಬ ಮುದುಕನದು. ತಳದಲ್ಲಿ ಕಂಬಳಿಯ ಮೇಲೆ ಅವನ ಸೊಸೆ, ತುಂಬು ಗರ್ಭಿಣಿ, ಹಲ್ಲು ಕಚ್ಚಿ ಮಲಗಿದ್ದಳು.

“ಅದನ್ನ ಕೆಳಗಿಡಿ, ತಾಯಿ,” ಎಂದಳು ದಾದಿ. “ಇವಳಿಗೆ ನೋವು ಶುರುವಾಗಿ ಐದು ಗಂಟೆ ಆಯ್ತು. ಮಗು ಅಡ್ಡ ಇದೆ.”

ಬಂದೂಕನ್ನು ದೋಣಿಯ ತಳಕ್ಕಿಳಿಸಿದೆ. ಆಮೇಲೆ ಕೇಳಿದೆ, “ಕೂಗಿದಾಗ ಯಾಕೆ ಮಾತಾಡಲಿಲ್ಲ?”

“ನಿಮ್ಮನ್ನೇ ಆ ಸಿಡಿಮದ್ದಿನವರು ಅಂದ್ಕೊಂಡ್ವಿ. ಬಂದೂಕು ಇದೆ ಅಂದ್ರಲ್ಲ.”

ಬಲೆ ಕತ್ತರಿಸಿ ಬಿಟ್ಟೆವು. ಅವರ ದೋಣಿಯನ್ನು ನಮ್ಮದಕ್ಕೆ ಕಟ್ಟಿ, ಸಾಲ ಮಾಡಿ ಕೊಂಡಿದ್ದ ಹೊಸ ಎಂಜಿನ್ನನ್ನು ಅದರ ಜೀವ ಹೋಗುವಷ್ಟು ಓಡಿಸಿದೆವು. ದಾರಿಯುದ್ದಕ್ಕೂ ನಾನು ಆ ಹೆಣ್ಣಿನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅವಳು ನನ್ನ ಬಲಗೈಯನ್ನೇ ಹಿಡಿದುಕೊಂಡಿದ್ದಳು. ಯಾವ ಕೈ ಹಿಡಿದಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಇಬ್ಬರೂ ಉಳಿದರು. ಹೊರಗಿನ ಬೆಂಚಿನ ಮೇಲೆ ದಾದಿ ನನ್ನ ಪಕ್ಕ ಬಂದು ಕೂತಳು.

“ಟಿಕ್ ಅಂದದ್ದು ನನಗೆ ಕೇಳಿಸ್ತು,” ಎಂದಳು. “ಅವಳಿಗೆ ಹೇಳಿಲ್ಲ. ನೀವೂ ಹೇಳ್ಬೇಡಿ.”

ಬಹಿರಂಗವಾಗಿ ಬರೆಯುತ್ತಿರುವ ಈ ಪತ್ರದಲ್ಲಿ ಈಗ ಹೇಳಿದ್ದೇನೆ. ಅವಳು ಓದಿದರೆ ಓದಲಿ. ನಾನು ಅವಳ ಕ್ಷಮೆ ಕೇಳಬೇಕು, ಕೇಳುತ್ತೇನೆ. ನಿಮ್ಮ ಉಗ್ರಾಣಕ್ಕೆ ಕೃತಜ್ಞತೆಯನ್ನೂ ಹೇಳಬೇಕು. ತರಬೇತಿದಾರರಿಗೆ ಆ ತೋಟಾ ತೋರಿಸಿದೆ. ಬಿಚ್ಚಿ ನೋಡಿ ಮದ್ದು ಮುದ್ದೆಯಾಗಿದೆ ಎಂದರು. ಉಗ್ರಾಣದ ಮಾಡು ಮೂರು ವರ್ಷಗಳಿಂದ ಸೋರುತ್ತಿದೆಯಂತೆ. ನಿಮ್ಮ ಇಲಾಖೆ ಜನರ ಜೀವ ಉಳಿಸಿದ ಒಂದೇ ಒಂದು ನಿದರ್ಶನ ನನಗೆ ತಿಳಿದಂತೆ ಇದು, ಅದೂ ಕೆಲಸ ಮಾಡದೆ ಉಳಿಸಿದ್ದು. ಆ ಮಾಡನ್ನು ದಯವಿಟ್ಟು ರಿಪೇರಿ ಮಾಡಿಸಬೇಡಿ.

ಮರುದಿನವೇ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮ ಕಚೇರಿಗೆ ತಂದೆ. ಮುಂದಿನದು ನಿಮಗೇ ಗೊತ್ತು. ಗುಮಾಸ್ತರು ಈ ಸಲವೂ ತಾಳ್ಮೆ ಕಳೆದುಕೊಳ್ಳಲಿಲ್ಲ. “ಬೆದರಿಕೆ ಇದೆ ಅಂತ ನೀವೇ ಬರ್ಕೊಟ್ಟಿದೀರಲ್ಲಮ್ಮ. ಈಗ ನಿಮ್ಮಿಂದ ಬಂದೂಕು ಈಸ್ಕೊಂಡು, ನಾಳೆ ನಿಮಗೇನಾದ್ರೂ ಆದ್ರೆ ಜವಾಬ್ದಾರಿ ಯಾರು?” ಎಂದರು. ಜವಾಬ್ದಾರಿ ಎಂಬ ಶಬ್ದ ನಿಮ್ಮ ಕಟ್ಟಡದಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಕೇಳಿ ಸಂತೋಷವಾಯಿತು. ಅದು ಬಂದೂಕಿನೊಂದಿಗೆ ನನ್ನ ಹೆಸರಿಗೇ ವರ್ಗಾವಣೆಯಾಗಿದೆ ಎಂದು ತಿಳಿಯಲು ನಾಲ್ಕು ಸಲ ಹೆಚ್ಚಿಗೆ ಬರಬೇಕಾಯಿತು. ನೀವು ನನಗೆ ಕೊಟ್ಟದ್ದು ರಕ್ಷಣೆಯಲ್ಲ, ನಿಮ್ಮ ಕೆಲಸ. ನಾನು ಅದನ್ನು ನಿಮ್ಮಷ್ಟೇ ಕೆಟ್ಟದಾಗಿ ಮಾಡಿದೆ. ವ್ಯತ್ಯಾಸ ಇಷ್ಟೇ: ನಿಮಗೆ ನಿದ್ದೆ ಬರುತ್ತದೆ.

ಐದನೆಯ ಹಿಂಬರಹವನ್ನು ಅಣ್ಣನಿಗೂ ದಾದಿಗೂ ಓದಿ ಹೇಳಿದೆ. ಅಣ್ಣ ಈಗ ಮಾತು ಕಡಿಮೆ ಮಾಡಿದ್ದಾನೆ. ಎದುರಿನವರು ಏನೆಂದರು ಎಂದು ಪೂರ್ತಿ ಕೇಳಿಸದ ಮೇಲೆ ಮಾತಿಗೆ ರುಚಿ ಇಲ್ಲ ಎನ್ನುತ್ತಾನೆ. ಅವನು ಕೇಳಿದ್ದು ಒಂದೇ: “ಆ ಕಾವಲುಮನೆ ಬೀಗ ಎಷ್ಟು ಗಟ್ಟಿ ಇದೆ?” ಹೋಗಿ ನೋಡಿದೆವು. ಬೀಗ ಗಟ್ಟಿಯಾಗಿತ್ತು, ಬಾಗಿಲು ಗಟ್ಟಿಯಾಗಿರಲಿಲ್ಲ. ಒಳಗೆ ಇಲಿಗಳನ್ನು ಓಡಿಸಿ ಗುಡಿಸಿದೆವು. ಮೀನುಗಾರರು, ಜೊಂಡು ಕೊಯ್ಯುವವರು, ಆ ಮುದುಕ, ದಾದಿ, ಎಲ್ಲ ಸೇರಿ ಹದಿನಾರು ಜನ ಸರದಿ ಹಾಕಿಕೊಂಡಿದ್ದೇವೆ. ಯಾವ ಹೊತ್ತಿನಲ್ಲೂ ಅಲ್ಲಿ ಮೂವರಿಗಿಂತ ಕಡಿಮೆ ಇರುವುದಿಲ್ಲ. ಬಂದೂಕು ಇಲ್ಲ. ಒಂದು ದೊಡ್ಡ ಗಂಟೆ ಇದೆ, ಒಂದು ನೋಟ್‌ಬುಕ್ ಇದೆ. ಬಂದ ದೋಣಿ ಯಾವುದು, ಯಾರದು, ಎಷ್ಟು ಹೊತ್ತಿಗೆ ಎಂದು ಬರೆಯುತ್ತೇವೆ. ಸಿಡಿಮದ್ದಿನವರು ಎರಡು ಸಲ ಬಂದರು. ಗಂಟೆ ಬಾರಿಸಿ ಮೂವರೂ ದಡದಲ್ಲಿ ನಿಂತು ಅವರ ದೋಣಿಯ ಬಣ್ಣ ಬರೆದುಕೊಂಡೆವು. ನೋಡುವವರಿದ್ದಾರೆ ಎಂದು ಗೊತ್ತಾದ ಮೇಲೆ ತಿರುಗಿ ಹೋದರು. ಎಷ್ಟು ದಿನ ಹಾಗೆಯೇ ತಿರುಗಿ ಹೋಗುತ್ತಾರೋ ತಿಳಿಯದು. ನಮಗೂ ಹೆದರಿಕೆ ಇದೆ.

ನಿನ್ನೆ ನಿಮ್ಮ ಕಚೇರಿಯಿಂದ ಹೊಸ ನೋಟಿಸು ಬಂದಿದೆ. ಇಲಾಖೆಯ ಕಟ್ಟಡವನ್ನು ಅತಿಕ್ರಮಿಸಿ ಬಾಗಿಲು ಹಾಳುಮಾಡಿದವರ ಮೇಲೆ ಕಠಿಣ ಕ್ರಮವಂತೆ. ಸಂತೋಷ. ತನಿಖೆಯ ಶ್ರಮ ಬೇಡ. ಬಾಗಿಲು ಕಿತ್ತವಳು ನಾನೇ, ಈ ವಾರ ರಜೆಯ ದಿನ ನನ್ನದೇ ಸರದಿ. ಆದ್ದರಿಂದ ನನ್ನ ಬೇಡಿಕೆಗಳು ಎರಡು. ಈ ಪತ್ರದ ಜೊತೆ ನಿಮ್ಮ ಮೇಜಿನ ಮೇಲಿಟ್ಟು ಬರುವ ಬಂದೂಕಿಗೆ ಒಂದು ರಸೀದಿ ಕೊಡಿ. ಎರಡನೆಯದು, ನಮ್ಮನ್ನು ಹಿಡಿದುಕೊಂಡು ಹೋಗಲು ಆ ಇಕ್ಕಟ್ಟಿಗೆ ನಿಮ್ಮವರನ್ನು ತಪ್ಪದೆ ಕಳುಹಿಸಿ. ನಾವು ಮರುಮಾತಿಲ್ಲದೆ ದೋಣಿ ಹತ್ತುತ್ತೇವೆ. ಬಂದವರಲ್ಲಿ ಇಬ್ಬರನ್ನು ಮಾತ್ರ ಅಲ್ಲೇ ಬಿಟ್ಟು ಹೋಗಿ.

ಇಂತಿ,
ಕೈಯಲ್ಲಿ ಪರವಾನಗಿ ಇದ್ದೂ ಆ ಕೈಯನ್ನು ನಂಬಲಾಗದ,
ನಿಮ್ಮ ಎದುರು ಸಾಲಿನ ದರ್ಜಿ